ಕ್ಲಿಕ್ಕಿಸುವುದು ಸುಲಭ, ಉಳಿಸುವುದು ಕಷ್ಟ

(ಕನ್ನಡ ಯುವಜನರ ಛಾಯಾಗ್ರಹಣ ಶಿಬಿರವೊಂದರಲ್ಲಿ ಬೆಂಗಳೂರಿನ ಹಿರಿಯ ಸ್ಟುಡಿಯೋ ಛಾಯಾಗ್ರಾಹಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಜೀವನವಿಡೀ ಕ್ಯಾಮೆರಾದ ಹಿಂದೆ ನಿಂತು "ಸ್ವಲ್ಪ ಗದ್ದ ಎತ್ತಿ, ಹಾಂ, ಅಲುಗಾಡಬೇಡಿ" ಎಂದವನು. ಇವತ್ತು ನೀವು ನನ್ನನ್ನೇ ಎದುರಿಗೆ ನಿಲ್ಲಿಸಿದ್ದೀರಿ. ಮಾತು ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬರುವಾಗ ಎರಡು ವಸ್ತು ತಂದಿದ್ದೇನೆ. ಒಂದು ಈ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ. ಇನ್ನೊಂದು ಈ ಹಾರ್ಡ್ ಡಿಸ್ಕು. ಡಬ್ಬಿಯಲ್ಲಿ ನಮ್ಮಪ್ಪ ತೆಗೆದ ನೆಗೆಟಿವ್‌ಗಳಿವೆ, ನಾನು ತೆಗೆದವೂ ಇವೆ. ಕೆಲವಕ್ಕೆ ಅರವತ್ತು ವರ್ಷ ವಯಸ್ಸು. ಕಿಟಕಿಯ ಬೆಳಕಿಗೆ ಹಿಡಿದರೆ ಮುಖ ಕಾಣುತ್ತದೆ. ಹಾರ್ಡ್ ಡಿಸ್ಕಿನಲ್ಲಿ ನನ್ನ ನಾಲ್ಕು ವರ್ಷಗಳ ದುಡಿಮೆ ಇತ್ತು. 2009ರಲ್ಲಿ ಒಂದು ಬೆಳಿಗ್ಗೆ ಟಕ್ ಟಕ್ ಎಂದು ಸದ್ದು ಮಾಡಿತು, ಅಷ್ಟೇ. ಅಂದಿನಿಂದ ಇದು ಕಬ್ಬಿಣದ ತುಂಡು. ಬೆಳಕಿಗೆ ಹಿಡಿದರೆ ಏನೂ ಕಾಣುವುದಿಲ್ಲ.

ಎಸೆಯಬಹುದಿತ್ತು, ಎಸೆದಿಲ್ಲ. ಯಾಕೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ.

ಹನ್ನೆರಡೇ ಚಿತ್ರ

ನಾನು ಅಪ್ಪನ ಸ್ಟುಡಿಯೋಗೆ ಕೆಲಸಕ್ಕೆ ನಿಂತದ್ದು 1976ರಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿ. ಮೊದಲು ಕೈಗೆ ಬಂದದ್ದು ಅಗ್ಫಾ ಕ್ಲಿಕ್ ತ್ರೀ ಎಂಬ ಡಬ್ಬ ಕ್ಯಾಮೆರಾ. 120 ಫಿಲ್ಮ್ ಹಾಕಿದರೆ ಹನ್ನೆರಡೇ ಚಿತ್ರ. ಆಮೇಲೆ 35 ಎಂ.ಎಂ. ಬಂತು, ಮೂವತ್ತಾರು ಚಿತ್ರ. ಫಿಲ್ಮ್ ಎಂದರೆ ಪೂರ್ವ ಜರ್ಮನಿಯ ಆರ್ವೋ, ಇಲ್ಲವೇ ನಮ್ಮ ಪಕ್ಕದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು'. ಒಂದೊಂದು ಕ್ಲಿಕ್ಕಿಗೂ ದುಡ್ಡು. ಅಪ್ಪ ಸಂಜೆ ಲೆಕ್ಕ ಕೇಳುತ್ತಿದ್ದರು: "ಹನ್ನೆರಡರಲ್ಲಿ ಎಷ್ಟು ನಿಂತಿತು?" ಒಂಬತ್ತು ನಿಂತರೆ ಮಾತಿಲ್ಲ. ಐದು ನಿಂತರೆ ಆ ರಾತ್ರಿ ಊಟದ ಹೊತ್ತಿಗೆ ಮಂಗಳಾರತಿ.

ಬೆಳಕು ಅಳೆಯುವ ಮೀಟರು ನಮ್ಮಲ್ಲಿರಲಿಲ್ಲ. ಒಳ್ಳೆಯ ಕ್ಯಾಮೆರಾ ಕೈಗೆ ಸಿಕ್ಕ ಮೇಲೆ ಅಪ್ಪ ಹೇಳಿಕೊಟ್ಟದ್ದು ಒಂದೇ ಸೂತ್ರ. ಚುರುಕು ಬಿಸಿಲಿದ್ದರೆ ಅಪರ್ಚರ್ 16ಕ್ಕೆ ಇಡು, ಷಟರ್ ವೇಗ ಫಿಲ್ಮಿನ ಅಂಕಿಯಷ್ಟೇ ಇರಲಿ. 100ರ ಫಿಲ್ಮಾದರೆ ಸೆಕೆಂಡಿನ ನೂರರಲ್ಲೊಂದು ಭಾಗ, ಅಥವಾ ಅದರ ಹತ್ತಿರದ 125. ಮೋಡ ಮುಚ್ಚಿದರೆ ಅಪರ್ಚರ್ 8. ಮರದ ನೆರಳಿಗೆ ಹೋದರೆ 5.6. ಈ ಸೂತ್ರ ಇವತ್ತು ನಿಮ್ಮ ಲಕ್ಷ ರೂಪಾಯಿಯ ಕ್ಯಾಮೆರಾದಲ್ಲೂ ಕೆಲಸ ಮಾಡುತ್ತದೆ. ಬೇಕಿದ್ದರೆ ನಾಳೆ ಹನ್ನೆರಡು ಗಂಟೆ ಬಿಸಿಲಲ್ಲಿ ಮ್ಯಾನುಯಲ್‌ಗೆ ಹಾಕಿ ನೋಡಿ. ಸೂರ್ಯ ಮಾಡೆಲ್ ಬದಲಾಯಿಸಿಲ್ಲ!

ಇನ್ನು ಕತ್ತಲೆಕೋಣೆ. ಸಿನಿಮಾದಲ್ಲಿ ನೋಡಿ ನೀವು ಕೆಂಪು ದೀಪದ ಕೋಣೆ ಎಂದುಕೊಂಡಿದ್ದೀರಿ. ಕೆಂಪು ದೀಪ ಪ್ರಿಂಟಿನ ಕಾಗದಕ್ಕೆ ಮಾತ್ರ. ಫಿಲ್ಮಿಗೆ ಅದೂ ಆಗದು, ಕಾಡಿಗೆಯಂಥ ಕತ್ತಲು ಬೇಕು. ಬೆರಳ ತುದಿಯಲ್ಲೇ ಫಿಲ್ಮನ್ನು ರೀಲಿಗೆ ಸುತ್ತಿ ಟ್ಯಾಂಕಿಗೆ ಇಳಿಸಬೇಕು. ಆಮೇಲೆ ಡಿ-76 ಡೆವಲಪರ್. ಅದಕ್ಕೆ 20 ಡಿಗ್ರಿ ಶಾಖ ಇರಬೇಕೆಂದು ಪುಸ್ತಕ ಹೇಳುತ್ತದೆ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ 20 ಡಿಗ್ರಿ ಎಲ್ಲಿಂದ ತರೋಣ? ಅಪ್ಪ ಮಣ್ಣಿನ ಹೂಜಿಯಲ್ಲಿ ನೀರಿಡುತ್ತಿದ್ದರು. ಅದೂ ಸಾಲದಿದ್ದರೆ ಐಸ್‌ಕ್ಯಾಂಡಿ ಅಂಗಡಿಯಿಂದ ಮಂಜುಗಡ್ಡೆ. ಶಾಖ ಹೆಚ್ಚಿದ್ದರೆ ಹೊತ್ತು ಕಡಿಮೆ ಮಾಡಬೇಕು. ಆಮೇಲೆ ಹೈಪೋ, ಕೊನೆಗೆ ತೊಳೆಯುವುದು. ತೊಳೆಯುವುದೇ ಎಲ್ಲಕ್ಕಿಂತ ಮುಖ್ಯ. ಹೈಪೋ ಉಳಿದರೆ ಚಿತ್ರ ವರ್ಷಗಳ ನಂತರ ಹಳದಿಗಟ್ಟುತ್ತದೆ, ಮಾಸುತ್ತದೆ. ನಲ್ಲಿ ನಿಂತ ದಿನ ಬಕೆಟ್ಟಿನಲ್ಲಿ ಹತ್ತು ಬಾರಿ ನೀರು ಬದಲಾಯಿಸಿ ತೊಳೆದಿದ್ದೇನೆ. ಆಗ ಬೈದುಕೊಂಡೇ ತೊಳೆದೆ. ಈಗ ಈ ಡಬ್ಬಿ ತೆರೆದಾಗ ಗೊತ್ತಾಗುತ್ತದೆ, ಅಪ್ಪ ನನ್ನಿಂದ ಮಾಡಿಸಿದ್ದು ಏನನ್ನು ಎಂದು.

ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಇವರೆಲ್ಲ ಕಾಡಿನ ಚಿತ್ರಗಳಿಗೆ ಹೆಸರಾದದ್ದು ಇದೇ ಫಿಲ್ಮಿನಲ್ಲಿ. ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಹಿಂದೆ ಅಲೆದದ್ದೂ ಹೀಗೆಯೇ. ತೆಗೆದ ಚಿತ್ರ ಬಂತೋ ಇಲ್ಲವೋ ಎಂದು ಅಲ್ಲಿ ನಿಂತು ನೋಡುವಂತಿರಲಿಲ್ಲ. ರೋಲು ಮುಗಿಯಬೇಕು, ತೊಳೆಯಬೇಕು, ಆಮೇಲೆ ತಿಳಿಯಬೇಕು. ಹಾಗಾಗಿ ಗುಂಡಿ ಒತ್ತುವ ಮೊದಲೇ ಹಕ್ಕಿಯನ್ನು ಬಲ್ಲವರಾಗಿರಬೇಕಿತ್ತು.

ಹತ್ತು ಸಾವಿರ ಚುಕ್ಕಿಗಳು

ಡಿಜಿಟಲ್ ಎನ್ನುವುದು ನಿನ್ನೆ ಮೊನ್ನೆಯದು ಎಂದುಕೊಂಡಿದ್ದೀರಾ? ನಾನು ಕೆಲಸಕ್ಕೆ ನಿಲ್ಲುವ ಒಂದು ವರ್ಷ ಮೊದಲು, 1975ರಲ್ಲಿ, ಅಮೆರಿಕದ ಕೊಡಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ಯುವಕ ಎಂಜಿನಿಯರ್ ಫಿಲ್ಮಿಲ್ಲದ ಕ್ಯಾಮೆರಾ ಒಂದನ್ನು ಜೋಡಿಸಿದ. ಸುಮಾರು ಮೂರೂವರೆ ಕೆಜಿ ತೂಕ. ಕಪ್ಪುಬಿಳುಪು ಚಿತ್ರ. ಅದರಲ್ಲಿ ಹತ್ತು ಸಾವಿರ ಚುಕ್ಕಿ. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡು. ಇವತ್ತು ನಿಮ್ಮ ಫೋನಿನ ಮೇಲೆ 50 ಮೆಗಾಪಿಕ್ಸೆಲ್ ಎಂದು ಬರೆದಿದ್ದರೆ ಅದು ಐದು ಕೋಟಿ ಚುಕ್ಕಿ. ಸ್ಯಾಸನ್ನನದ್ದರ ಐದು ಸಾವಿರ ಪಟ್ಟು.

ತನ್ನ ಮನೆಯಲ್ಲೇ ಹುಟ್ಟಿದ ಕೂಸನ್ನು ಕೊಡಕ್ ಎತ್ತಿ ಆಡಿಸಲು ಹಿಂಜರಿಯಿತು. ಫಿಲ್ಮ್ ಮಾರಾಟದಿಂದ ಬರುವ ಲಾಭ ಅಷ್ಟಿತ್ತು. 1999ರಲ್ಲಿ ನಿಕಾನ್ ಡಿ-1 ಬಂತು, ಪತ್ರಿಕೆಗಳವರು ಕೊಂಡರು. 2003ರಲ್ಲಿ ಕ್ಯಾನನ್ 300ಡಿ ಬಂತು, ಆರು ಮೆಗಾಪಿಕ್ಸೆಲ್‌ನದ್ದು, ನಮ್ಮಂಥವರೂ ಸಾಲ ಮಾಡಿ ಕೊಳ್ಳಬಹುದಾದದ್ದು. 2009ರಲ್ಲಿ ಕೊಡಕ್ ತನ್ನ ಹೆಸರಾಂತ ಕೊಡಕ್ರೋಮ್ ಫಿಲ್ಮನ್ನು ನಿಲ್ಲಿಸಿತು. 2012ರ ಜನವರಿಯಲ್ಲಿ ಆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಕಾಲದ ಗಾಡಿಯನ್ನು ಕಟ್ಟಿದವನೇ ಹತ್ತದೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪಾಠ ಬೇಕೆ?

ದೊಡ್ಡ ಕಂಪನಿಗಳ ಮಾತಾಯಿತು. ನಮ್ಮ ಬೀದಿಯಲ್ಲಿ ಏನಾಯಿತು? ಸ್ಟುಡಿಯೋಗಳಲ್ಲಿ ರೀಟಚ್ ಮಾಡುವವರು ಇದ್ದರು. ಮೊನೆ ಮಾಡಿದ ಪೆನ್ಸಿಲ್ ಹಿಡಿದು, ನೆಗೆಟಿವ್ ಮೇಲೆಯೇ ಸಿಡುಬಿನ ಕಲೆ ಅಳಿಸುತ್ತಿದ್ದರು, ಕಣ್ಣ ಕೆಳಗಿನ ಕಪ್ಪು ತೆಗೆಯುತ್ತಿದ್ದರು. ಕಪ್ಪುಬಿಳುಪು ಚಿತ್ರಕ್ಕೆ ಹತ್ತಿಯಲ್ಲಿ ಬಣ್ಣ ತೇಲಿಸಿ, ಸೀರೆಗೆ ಹಸಿರು, ತುಟಿಗೆ ಕೆಂಪು ಹಚ್ಚುವವರಿದ್ದರು. ಫಿಲ್ಟರ್ ನಿಮ್ಮ ಕಾಲದಲ್ಲಿ ಹುಟ್ಟಿತು ಎಂದುಕೊಳ್ಳಬೇಡಿ! ಈ ಕೈಗಳಿಗೆಲ್ಲ ಐದಾರು ವರ್ಷದಲ್ಲಿ ಕೆಲಸ ಹೋಯಿತು. ನಮ್ಮಲ್ಲಿದ್ದ ರೀಟಚ್ ಕೆಲಸಗಾರರು ಕಣ್ಣಿನ ಶಕ್ತಿಯನ್ನೆಲ್ಲ ನೆಗೆಟಿವ್‌ಗೆ ಸುರಿದವರು. ಕೊನೆಗೆ ಜೆರಾಕ್ಸ್ ಅಂಗಡಿಯಲ್ಲಿ ಕೂತರು. ಅವರಿಗೆ ಫೋಟೋಶಾಪ್ ಕಲಿಸುವ ಪ್ರಯತ್ನ ಮಾಡಿದೆ. "ಮೌಸಿನಲ್ಲಿ ಮುಖ ಸಿಗಲ್ಲಪ್ಪ" ಎಂದು ಎದ್ದು ಹೋದರು. ಬದಲಾವಣೆ ಎಂದು ನಾವು ಚಪ್ಪಾಳೆ ತಟ್ಟುವಾಗ ಅವರನ್ನೂ ನೆನೆಯಬೇಕು.

ನಾನು ತಪ್ಪಿದ್ದು ಎಲ್ಲಿ

2005ರಲ್ಲಿ ನಾನೂ ಡಿಜಿಟಲ್ ಕ್ಯಾಮೆರಾ ಕೊಂಡೆ. ಮೊದಲ ಮದುವೆಯಲ್ಲೇ ಪೆಟ್ಟು ತಿಂದೆ. ಮದುಮಗ ಬಿಳಿ ರೇಷ್ಮೆ ಪಂಚೆ ಉಟ್ಟಿದ್ದ. ಪ್ರಿಂಟಿನಲ್ಲಿ ನೋಡಿದರೆ ಪಂಚೆಯ ಜಾಗದಲ್ಲಿ ಸುಣ್ಣದ ಗೋಡೆ! ನೆರಿಗೆ ಇಲ್ಲ, ಏನೂ ಇಲ್ಲ.

ಯಾಕೆ ಹೀಗಾಯಿತು? ಫಿಲ್ಮಿನಲ್ಲಿರುವುದು ಬೆಳ್ಳಿಯ ಸಂಯುಕ್ತದ ಹರಳುಗಳು. ಬೆಳಕು ತಾಕಿದ ಹರಳನ್ನು ಡೆವಲಪರ್ ಬೆಳ್ಳಿಯಾಗಿಸುತ್ತದೆ. ನೆಗೆಟಿವ್ ಫಿಲ್ಮಿಗೆ ಬೆಳಕು ಸ್ವಲ್ಪ ಹೆಚ್ಚಾದರೂ ಅದು ಸಹಿಸಿಕೊಳ್ಳುತ್ತದೆ, ನಿಧಾನವಾಗಿ ದಟ್ಟವಾಗುತ್ತದೆ. ಕಡಿಮೆಯಾದರೆ ಮಾತ್ರ ನೆರಳಿನ ಭಾಗದಲ್ಲಿ ಏನೂ ಮೂಡುವುದಿಲ್ಲ. ಅದಕ್ಕೇ "ನೆರಳಿಗೆ ಬೆಳಕು ಕೊಡು" ಎನ್ನುತ್ತಿದ್ದರು ಅಪ್ಪ. ಡಿಜಿಟಲ್ ಸೆನ್ಸರಿನಲ್ಲಿರುವುದು ಕೋಟಿಗಟ್ಟಲೆ ಪುಟ್ಟ ಬಿಂದಿಗೆಗಳು ಎಂದುಕೊಳ್ಳಿ. ಬೆಳಕು ಸುರಿದಂತೆ ತುಂಬುತ್ತವೆ. ತುಂಬಿದ ಮೇಲೆ ಮುಗಿಯಿತು, ಅದು ಬರೀ ಬಿಳಿ. ಯಾವ ತಂತ್ರದಿಂದಲೂ ಆ ನೆರಿಗೆ ವಾಪಸು ಬರುವುದಿಲ್ಲ. ಹಾಗಾಗಿ ಇಲ್ಲಿ ಪಾಠ ತಿರುವುಮುರುವು: ಬಿಳಿಯನ್ನು ಕಾಪಾಡು, ನೆರಳನ್ನು ಆಮೇಲೆ ಎತ್ತಿಕೋ. ಕ್ಯಾಮೆರಾದ ಹಿಸ್ಟೋಗ್ರಾಮ್ ನೋಡುವುದನ್ನು ಕಲಿಯಿರಿ. ಆ ಗುಡ್ಡ ಬಲಗೋಡೆಗೆ ಹೋಗಿ ಅಪ್ಪಳಿಸಬಾರದು. ಫೋನಿನಲ್ಲಾದರೆ ಪರದೆಯ ಮೇಲೆ ಬೆಳಕಿನ ಭಾಗವನ್ನು ಮುಟ್ಟಿ, ಹೊಳಪನ್ನು ಸ್ವಲ್ಪ ಕೆಳಗೆಳೆಯಿರಿ.

ಎರಡನೆಯ ಸಂಗತಿ. ಸೆನ್ಸರಿನ ಒಂದೊಂದು ಚುಕ್ಕಿಯೂ ಒಂದೇ ಬಣ್ಣ ಕಾಣುತ್ತದೆ. ಅದರ ಮೇಲೆ ಬಣ್ಣದ ಜರಡಿ ಇದೆ, ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. 1976ರಲ್ಲಿ ಇದರ ಪೇಟೆಂಟ್ ಪಡೆದದ್ದೂ ಕೊಡಕ್‌ನವನೇ ಆದ ಬ್ರೈಸ್ ಬೇಯರ್. ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಕ್ಯಾಮೆರಾ ಊಹಿಸುತ್ತದೆ. ಈಗಿನ ಫೋನು ಇನ್ನೂ ಮುಂದೆ ಹೋಗಿದೆ. ನೀವು ಒಮ್ಮೆ ಒತ್ತಿದರೆ ಅದು ಹಲವು ಚಿತ್ರ ತೆಗೆದು ಬೆಸೆಯುತ್ತದೆ. ಇದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಯಾವುದು ಕಂಡದ್ದು, ಯಾವುದು ಯಂತ್ರ ಊಹಿಸಿದ್ದು ಎಂಬ ಎಚ್ಚರ ಚಿತ್ರ ತೆಗೆಯುವವನಿಗೆ ಇರಲಿ. ರಾ ಫೈಲು ಸಿಗುವಂತಿದ್ದರೆ ಅದನ್ನೇ ಇಟ್ಟುಕೊಳ್ಳಿ. ರಾ ಎಂದರೆ ನೆಗೆಟಿವ್, ಜೆಪೆಗ್ ಎಂದರೆ ಪ್ರಿಂಟು. ನೆಗೆಟಿವ್ ಎಸೆದು ಪ್ರಿಂಟು ಇಟ್ಟುಕೊಳ್ಳುವ ಸ್ಟುಡಿಯೋ ಇತ್ತೇ?

ಮೂರನೆಯ ತಪ್ಪು ಕಣ್ಣಿನದು. ಪ್ರತಿ ಕ್ಲಿಕ್ಕಿಗೂ ಕ್ಯಾಮೆರಾದ ಬೆನ್ನು ನೋಡುವ ಚಟ ಹತ್ತಿತು. ಒಂದು ಮದುವೆಯಲ್ಲಿ ಹಾಗೆ ತಲೆ ತಗ್ಗಿಸಿ ನೋಡುತ್ತಿದ್ದಾಗ ಧಾರೆ ಎರೆದೇ ಬಿಟ್ಟರು. ಮಗಳ ಕೈ ಬಿಡುವಾಗಿನ ತಂದೆಯ ಮುಖ ನನಗೆ ಸಿಗಲಿಲ್ಲ. ಮೂರು ರೋಲಿನಲ್ಲಿ 108 ಚಿತ್ರ ತೆಗೆಯುತ್ತಿದ್ದಾಗ ಎಂದೂ ತಪ್ಪದ ಕ್ಷಣ, ಎರಡು ಸಾವಿರ ಚಿತ್ರ ತೆಗೆಯುವಾಗ ತಪ್ಪಿತು.

ಹಂಪಿಯ ಕಲ್ಲಿನ ರಥ

ನಿಮ್ಮ ಜೇಬಿನಲ್ಲಿ ಐವತ್ತು ರೂಪಾಯಿಯ ನೋಟಿದ್ದರೆ ತೆಗೆಯಿರಿ. 2017ರಲ್ಲಿ ಬಂದ ಹೊಸ ನೋಟು. ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥ ಇದೆ. ರಥದ ತಲೆ ಬೋಳಾಗಿದೆ ಅಲ್ಲವೇ? 1856ರಲ್ಲಿ ಹಾಗಿರಲಿಲ್ಲ. ಅದರ ಮೇಲೆ ಇಟ್ಟಿಗೆಯ ಗೋಪುರ ಇತ್ತು.

ಇದು ನಮಗೆ ಹೇಗೆ ಗೊತ್ತು? ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೇನೆಯ ಅಧಿಕಾರಿ ಆ ವರ್ಷ ದೊಡ್ಡ ಪೆಟ್ಟಿಗೆ ಕ್ಯಾಮೆರಾ ಹೊತ್ತು ಹಂಪಿಯನ್ನು ಸುತ್ತಿದ. ಆಗ ಫಿಲ್ಮ್ ಹುಟ್ಟಿರಲಿಲ್ಲ. ಮೇಣ ಸವರಿದ ಕಾಗದವೇ ನೆಗೆಟಿವ್. ಆ ಕಾಗದಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಯಾರ ಗಮನಕ್ಕೂ ಬಾರದೆ ಇಂಗ್ಲೆಂಡಿನಲ್ಲಿ ಮಲಗಿದ್ದವು. ಮತ್ತೆ ಸಿಕ್ಕಾಗ ಚಿತ್ರ ಹಾಗೆಯೇ ಇತ್ತು. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಲ್ಲಿ ಮತ್ತೆ ಚಿತ್ರ ತೆಗೆದ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಗೋಪುರ ಹೋಯಿತು ಎಂಬುದೆಲ್ಲ ಕಣ್ಣಿಗೆ ಹೊಡೆಯುತ್ತದೆ.

ಯೋಚಿಸಿ ಗೆಳೆಯರೇ. ಒಂದು ಕಾಗದದ ಚೂರು, ಯಾರೂ ನೋಡಿಕೊಳ್ಳದೆ, ಕರೆಂಟಿಲ್ಲದೆ, ಪಾಸ್‌ವರ್ಡಿಲ್ಲದೆ ನಮ್ಮ ನಾಡಿನ ಒಂದು ಸತ್ಯವನ್ನು ಕಾಯ್ದಿಟ್ಟಿತು. 2017ರಲ್ಲಿ ಮುಚ್ಚಿದ ನಮ್ಮ ಸುಬೇದಾರ್ ಛತ್ರಂ ರಸ್ತೆಯ ಕಪಾಲಿ ಚಿತ್ರಮಂದಿರದ ಮುಂದೆ ನಿಂತು ನಿಮ್ಮಲ್ಲೇ ಎಷ್ಟೋ ಜನ ಫೋನಿನಲ್ಲಿ ಚಿತ್ರ ತೆಗೆದಿರಬಹುದು. ಆ ಚಿತ್ರ ಇವತ್ತು ಎಲ್ಲಿದೆ? ಆ ಫೋನು ಎಲ್ಲಿದೆ?

ಫಿಲ್ಮು ದೇವರಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಬಣ್ಣದ ಫಿಲ್ಮು ಮಾಸುತ್ತದೆ, ಬೆಂಕಿ ಬಿದ್ದರೆ ಇನ್ನೊಂದು ಪ್ರತಿ ಇಲ್ಲ. ಡಿಜಿಟಲ್ಲಿನ ದೊಡ್ಡ ಗುಣವೇ ಅದು, ಸಾವಿರನೆಯ ಪ್ರತಿಯೂ ಮೊದಲಿನದರಷ್ಟೇ ಸ್ವಚ್ಛ. ಬಡವನ ಮಗನೂ ಇವತ್ತು ಕಾಸು ಖರ್ಚಿಲ್ಲದೆ ಚಿತ್ರ ಕಲಿಯಬಹುದು, ನನಗೆ ಆ ಭಾಗ್ಯ ಇರಲಿಲ್ಲ. ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಮರೆತ ನೆಗೆಟಿವ್ ಬದುಕಬಹುದು. ಮರೆತ ಫೈಲು ಬದುಕುವುದಿಲ್ಲ.

ಆ ಹುಡುಗ

ಈಗ ಹಾರ್ಡ್ ಡಿಸ್ಕಿನ ಕತೆ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಮಳೆ ಬಡಿದದ್ದು ನೆನಪಿದೆಯಲ್ಲ? ಅದಾಗಿ ಸ್ವಲ್ಪ ದಿನಕ್ಕೆ ಒಬ್ಬ ಹುಡುಗ ತಂದೆಯ ಜೊತೆ ಸ್ಟುಡಿಯೋಗೆ ಬಂದ. ಹದಿನಾರು ವರ್ಷ. ಹಿಂದಿನ ವರ್ಷ ಕೊರೊನಾದಲ್ಲಿ ತಾಯಿ ಹೋಗಿದ್ದರು. ಈ ಮಳೆಗೆ ಮನೆಯೊಳಗೆ ನೀರು ನುಗ್ಗಿ ಮದುವೆಯ ಆಲ್ಬಂ ಒಂದೇ ಮುದ್ದೆಯಾಗಿತ್ತು. "ಸಾರ್, ಮದುವೆ ಫೋಟೋ ನೀವೇ ತೆಗೆದದ್ದು. ಏನಾದರೂ ಉಳಿದಿದೆಯಾ?" ಎಂದರು ತಂದೆ.

ಮದುವೆ ಆದದ್ದು 2003ರಲ್ಲಿ. ಡಬ್ಬಿ ತೆಗೆದೆ. ಲಕೋಟೆಯ ಮೇಲೆ ಕನ್ನಡದಲ್ಲಿ ದಿನಾಂಕ, ಇಬ್ಬರ ಹೆಸರು, ಛತ್ರದ ಹೆಸರು ಬರೆದಿದ್ದೆ. ಅಪ್ಪ ಹಾಕಿಕೊಟ್ಟ ರೂಢಿ. ಹತ್ತು ನಿಮಿಷದಲ್ಲಿ ಸಿಕ್ಕಿತು. ಸ್ಕ್ಯಾನ್ ಮಾಡಿ ಪರದೆಯ ಮೇಲೆ ತಿರುಗಿಸಿದಾಗ ಆ ತಾಯಿ ನಗುತ್ತಾ ಎದ್ದು ಬಂದರು. ತಂದೆ ಹೊರಗೆ ಹೋಗಿ ನಿಂತರು.

ಹುಡುಗ ಕೇಳಿದ: "ನನ್ನ ನಾಮಕರಣದ್ದು? ಅಮ್ಮ ನನ್ನ ಎತ್ಕೊಂಡಿರೋದು?"

ಆ ನಾಮಕರಣವನ್ನೂ ತೆಗೆದದ್ದು ನಾನೇ, 2006ರಲ್ಲಿ. ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ, ಇನ್ನೂರು ಚಿತ್ರ. "ಪ್ರಿಂಟು ನಿಧಾನಕ್ಕೆ ಹಾಕಿಸಿಕೊಳ್ಳಿ, ಇದರಲ್ಲಿ ಎಲ್ಲ ಇದೆ" ಎಂದು ಹೆಮ್ಮೆಯಿಂದ ಒಂದು ಸಿಡಿ ಕೊಟ್ಟಿದ್ದೆ. ಪ್ರಿಂಟು ಹಾಕಿಸಲು ಅವರಿಗೆ ಆಗಿರಲಿಲ್ಲ. ಸಿಡಿಯನ್ನು ತಂದಿದ್ದರು. ಯಾವ ಡ್ರೈವೂ ಓದಲಿಲ್ಲ. ನನ್ನ ಪ್ರತಿ ಈ ಹಾರ್ಡ್ ಡಿಸ್ಕಿನಲ್ಲಿತ್ತು. ಇದೊಂದರಲ್ಲೇ ಇತ್ತು. ಎರಡನೆಯ ಪ್ರತಿ ಮಾಡಿರಲಿಲ್ಲ. ಉಳಿಸಿದ್ದು ಒಂದು ಡಿಸ್ಕಿನ ದುಡ್ಡು.

ಹುಡುಗ ಬೈಯಲಿಲ್ಲ. "ಪರವಾಗಿಲ್ಲ ಸಾರ್" ಎಂದು ಮದುವೆಯ ಪ್ರಿಂಟು ತೆಗೆದುಕೊಂಡು ಹೋದ. ಬೈದಿದ್ದರೆ ಚೆನ್ನಾಗಿತ್ತು. ಈ ಕಬ್ಬಿಣದ ತುಂಡು ಅಂದಿನಿಂದ ನನ್ನ ಮೇಜಿನ ಮೇಲೆಯೇ ಇದೆ.

ನೀವು ಮಾಡಬೇಕಾದ್ದು

ಅತ್ತು ಪ್ರಯೋಜನವಿಲ್ಲ. ಕೆಲಸ ಹೇಳುತ್ತೇನೆ, ಬರೆದುಕೊಳ್ಳಿ.

ಒಂದು. ವಾರಕ್ಕೊಂದು ದಿನ ಮೂವತ್ತಾರು ಚಿತ್ರದ ವ್ರತ ಹಿಡಿಯಿರಿ. ಫೋನೇ ಸಾಕು. ಬೆಳಿಗ್ಗೆಯಿಂದ ಸಂಜೆವರೆಗೆ ಮೂವತ್ತಾರೇ. ಅಳಿಸುವಂತಿಲ್ಲ, ರಾತ್ರಿಯವರೆಗೆ ನೋಡುವಂತಿಲ್ಲ. ಫಿಲ್ಮ್ ಕ್ಯಾಮೆರಾ ಕೊಳ್ಳುವ ಷೋಕಿ ಈಗ ಹುಡುಗರಲ್ಲಿ ಮತ್ತೆ ಬಂದಿದೆ. ಒಳ್ಳೆಯದೇ. ಆದರೆ ಬಣ್ಣದ ರೋಲು, ತೊಳೆಸುವುದು ಎಲ್ಲ ಸೇರಿ ಸಾವಿರ ದಾಟುತ್ತದೆ. ಫಿಲ್ಮಿನ ಶಿಸ್ತು ಮಾತ್ರ ಬಿಟ್ಟಿ ಸಿಗುತ್ತದೆ, ಮೊದಲು ಅದನ್ನು ಕಲಿಯಿರಿ.

ಎರಡು. ಪ್ರತಿ ತಿಂಗಳ ಕೊನೆಗೆ ಕೂತು ಆರಿಸಿ. ಸಾವಿರದಲ್ಲಿ ಇಪ್ಪತ್ತು. ಆರಿಸದೇ ಇರುವ ಹತ್ತು ಸಾವಿರ ಚಿತ್ರ ಎಂದರೆ ಕಸದ ಗುಡ್ಡೆ, ಅದರಲ್ಲಿ ನಿಮ್ಮ ಅಜ್ಜಿಯನ್ನು ನಿಮ್ಮ ಮಕ್ಕಳು ಹುಡುಕಲಾರರು.

ಮೂರು. ಹೆಸರು ಬರೆಯಿರಿ, ಕನ್ನಡದಲ್ಲಿ ಬರೆಯಿರಿ. ಯಾರು, ಎಲ್ಲಿ, ಯಾವಾಗ. ಐಎಂಜಿ 4271 ಎನ್ನುವುದು ಯಾರ ಹೆಸರೂ ಅಲ್ಲ. ಇಲ್ಲೂ ನನ್ನದೊಂದು ಪೆಟ್ಟಿದೆ. ಕಂಪ್ಯೂಟರು ಬಂದ ಹೊಸದರಲ್ಲಿ ಚಿತ್ರಗಳ ವಿವರಗಳನ್ನೆಲ್ಲ ಆಗಿನ ಕನ್ನಡ ಫಾಂಟುಗಳಲ್ಲಿ ಟೈಪು ಮಾಡಿಟ್ಟೆ. ಕಂಪ್ಯೂಟರ್ ಬದಲಾದಾಗ ಎಲ್ಲವೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರದ ರಾಶಿಯಾಯಿತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ನಮ್ಮ ಮೇಜಿನವರೆಗೆ ಬರಲು ವರ್ಷಗಳೇ ಹಿಡಿದವು. ಬದಲಾಯಿಸುವ ತಂತ್ರಾಂಶ ಹಾಕಿ ಒಂದಷ್ಟು ಉಳಿಸಿಕೊಂಡೆ. ನಿಮಗೆ ಆ ಕಷ್ಟವಿಲ್ಲ. ಫೋನಿನಲ್ಲೇ ಕನ್ನಡ ಕೀಲಿಮಣೆ ಇದೆ. ಕಡತದ ಹೆಸರು ಕನ್ನಡದಲ್ಲಿರಲಿ. ನಿಮ್ಮ ಅಜ್ಜಿ ಆ ಚಿತ್ರ ನೋಡಿ ಏನೆಂದರೋ ಅದೇ ಮಾತಿನಲ್ಲಿ ವಿವರ ಇರಲಿ.

ನಾಲ್ಕು. ಮೂರು ಪ್ರತಿ ಇಡಿ. ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಮನೆಯಲ್ಲಿ ಅಥವಾ ಕ್ಲೌಡಿನಲ್ಲಿ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಎಂದೇ ಇಟ್ಟುಕೊಳ್ಳಿ, ತೆರೆದು ನೋಡಿ. ಕುಂಕುಮ ಹಚ್ಚಿದರೆ ಸಾಲದು, ಫೈಲು ತೆರೆಯುತ್ತದೆಯೇ ನೋಡಬೇಕು. ವಾಟ್ಸಾಪಿನಲ್ಲಿ ಇದೆಯಲ್ಲ ಎನ್ನಬೇಡಿ. ಸಾಮಾನ್ಯವಾಗಿ ಕಳಿಸುವಾಗ ಅದು ಚಿತ್ರವನ್ನು ಕುಗ್ಗಿಸುತ್ತದೆ.

ಐದು. ಪ್ರಿಂಟು ಹಾಕಿಸಿ. ವರ್ಷಕ್ಕೆ ಇಪ್ಪತ್ತೇ ಇಪ್ಪತ್ತು. ಬೆನ್ನ ಮೇಲೆ ಪೆನ್ಸಿಲಿನಲ್ಲಿ ಹೆಸರು, ಊರು, ಇಸವಿ ಬರೆದು ಮನೆಯ ಎತ್ತರದ ಕಪಾಟಿನಲ್ಲಿಡಿ. ನೀರು ನುಗ್ಗಿದರೂ ತಲುಪದಷ್ಟು ಎತ್ತರದಲ್ಲಿ.

ಕೊನೆಯದಾಗಿ, ನಿಮ್ಮ ಬೀದಿಯನ್ನು ತೆಗೆಯಿರಿ. ಸೂರ್ಯಾಸ್ತ ಎಲ್ಲರೂ ತೆಗೆಯುತ್ತಾರೆ, ಸೂರ್ಯ ನಾಳೆಯೂ ಮುಳುಗುತ್ತಾನೆ. ನಿಮ್ಮ ಬೀದಿಯ ಚಕ್ಕುಲಿ ಅಂಗಡಿ ನಾಳೆ ಇರುವುದಿಲ್ಲ. ಅದರ ಬೋರ್ಡಿನ ಕನ್ನಡ ಅಕ್ಷರ ಬರೆದ ಕುಂಚದ ಕಲಾವಿದ ನಾಳೆ ಇರುವುದಿಲ್ಲ. ಒಂದೇ ಜಾಗದಲ್ಲಿ ನಿಂತು, ವರ್ಷಕ್ಕೊಂದು ಚಿತ್ರ, ಹತ್ತು ವರ್ಷ ತೆಗೆಯಿರಿ. ಗ್ರೀನ್‌ಲಾ ದೂರದ ದೇಶದಿಂದ ಬಂದು ನಮ್ಮ ಹಂಪಿಗೆ ಮಾಡಿದ್ದನ್ನು, ನಾವು ನಮ್ಮ ಬೀದಿಗೆ ಮಾಡಲಾರೆವೇ?

ಇವತ್ತು ರಾತ್ರಿ ಮನೆಗೆ ಹೋಗಿ ಮಾಡುವ ಮೊದಲ ಕೆಲಸ ಇದು. ಅಮ್ಮ ಅಡುಗೆಮನೆಯಲ್ಲಿದ್ದರೆ ಕಿಟಕಿಯ ಪಕ್ಕ, ಇಲ್ಲವೇ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ. "ಅಯ್ಯೋ, ಹೀಗಿದ್ದೀನಿ, ಬೇಡ ಕಣೋ" ಎನ್ನುತ್ತಾರೆ. ಬಿಡಬೇಡಿ. ಒಂದೇ ಚಿತ್ರ ತೆಗೆಯಿರಿ. ಹೆಸರು, ದಿನಾಂಕ ಬರೆಯಿರಿ. ಮೂರು ಕಡೆ ಇಡಿ. ನಾಳೆ ಹೋಗಿ ಪ್ರಿಂಟು ಹಾಕಿಸಿ.

ನನ್ನ ಮೇಜಿನ ಮೇಲೆ ಇರುವಂಥ ಕಬ್ಬಿಣದ ತುಂಡು ನಿಮ್ಮ ಯಾರ ಮೇಜಿನ ಮೇಲೂ ಬಾರದಿರಲಿ.